ನಿಧಿಯ ಕಾಲೇಜಿನ ದೊಡ್ಡ ಗೇಟು

ನಿಶಿ ಕಸಾಯಿ ಎಂಬ ಜಪಾನೀ ಬಡಾವಣೆಯ ಕ್ಲಿನಿಕ್ಕಿನಲ್ಲಿ ಕೋವಿಡ್ ಟೆಸ್ಟಿಗೆ ಕಾಯುತ್ತಿದ್ದೆ. ಒಂದು ಕುರ್ಚಿ ಬಿಟ್ಟು ಗಂಡ ಹೆಂಡತಿ ಕೂತಿದ್ದರು. ಅವರು ಆಡುತ್ತಿದ್ದುದು ಕನ್ನಡ. ನಾನೂ ಕನ್ನಡದವನೆಂದು ತೋರಿಸಿಕೊಳ್ಳಲಿಲ್ಲ.

“ನೆಗೆಟಿವ್ ಬಂದ್ರೆ ನಾಡಿದ್ದು ಅಮೆರಿಕಾ ಫ್ಲೈಟು. ಇಳಿದ ಮೇಲೆ ಮಗಳ ಕಾಲೇಜಿನ ಊರಿಗೆ ಟ್ರೇನಿದೆ.”

“ಹಳೇ ಚರ್ಚು, ಲೈಬ್ರರಿ, ಊರಾಚೆ ಕೆರೆ, ಎಲ್ಲಾ ನಾನೇ ನಡೆಸ್ಕೊಂಡು ಹೋಗಿ ತೋರಿಸ್ತೀನಿ ಅಂದಿದ್ಲು ನಿಧಿ.”

“ನಾವು ಊರು ನೋಡಕ್ಕೆ ಹೋಗ್ತಿಲ್ಲ ಅಹಲ್ಯಾ. ಮೊದಲು ಅವಳ ಅಸ್ಥಿ ಇಸ್ಕೋಬೇಕು. ಆಮೇಲೆ ಹಾಸ್ಟೆಲ್ ರೂಮ್ ಖಾಲಿ ಮಾಡ್ಬೇಕು.”

“ಕಾಲೇಜಿಗೊಂದು ದೊಡ್ಡ ಗೇಟಿದೆಯಂತಲ್ಲ ರೀ. ಡಿಗ್ರಿ ಆಗೋಕ್ಕೆ ಮುಂಚೆ ಅದರಿಂದ ಹೊರಗೆ ಹೋದೋರು ಪಾಸಾಗಲ್ಲ ಅಂತ ಅಲ್ಲಿ ನಂಬಿಕೆಯಂತೆ.”

“ಗೊತ್ತು. ಮೂರು ವರ್ಷ ಪಕ್ಕದ ಸಣ್ಣ ಗೇಟಲ್ಲೇ ಓಡಾಡಿದ್ಲು.”

“ರೂಮ್ ಖಾಲಿ ಮಾಡಿದ ಮೇಲೆ ಅವಳನ್ನ ಆ ದೊಡ್ಡ ಗೇಟಿಂದಾನೇ ಕರ್ಕೊಂಡು ಬರೋಣ.”

ಆತ ಮಾಸ್ಕನ್ನು ಮೂಗಿನ ಮೇಲೆ ಒತ್ತಿ ಹಿಡಿದ.

“ಬೇಡ ಕಣೇ. ಅವಳ ಡಿಗ್ರಿ ಮುಗಿಯೋಕೆ ಇನ್ನೂ ಒಂದು ವರ್ಷ ಇದೆ.”

ನರ್ಸ್ ಅವರ ಹೆಸರು ಕರೆದಳು. ಇಬ್ಬರೂ ಎದ್ದು ಒಳಗೆ ಹೋದರು.