ಕಾಣೆಯಾದ ತುಕ್ಕುರೋಗ

ಕಣ್ಣಿನ ಆಸ್ಪತ್ರೆಯಲ್ಲಿ ಹನಿ ಹಾಕಿಸಿಕೊಂಡು ಕೂತಿದ್ದೆ. ಗೋಡೆ, ಕಿಟಕಿ, ಎದುರಿನ ಮುಖಗಳೆಲ್ಲ ಹಾಲಿನಲ್ಲಿ ಕರಗಿದ ಹಾಗಿದ್ದವು. ಕಣ್ಣು ಕಾಣದಿದ್ದರೆ ನನಗೆ ಗಾಬರಿ, ಗಾಬರಿಯಾದರೆ ಕಿವಿ ಚುರುಕು. ಪಕ್ಕದಲ್ಲಿ ಅಕ್ಕ ತಂಗಿ ಇಬ್ಬರು ಮಾತಾಡುತ್ತಿದ್ದರು.

"ನಾಳೆ ಸಮಿತಿಯೋರು ನಿನ್ನ ಲ್ಯಾಬ್ ಮುಚ್ಚಿಬಿಡ್ತಾರಾ ಅಕ್ಕ?"

"ಮುಚ್ಚಬಹುದು. ಹುರುಳಿಕಾಯಿ ಎಲೆಯ ತುಕ್ಕುರೋಗದ ಬಗ್ಗೆ ನಾನು ಬರೆದಿದ್ದನ್ನ ಹೋದ ವರ್ಷ ಇಬ್ಬರೇ ಉಲ್ಲೇಖಿಸಿದ್ದಾರಂತೆ."

"ಇಬ್ಬರಾದ್ರೂ ಇದ್ದಾರಲ್ಲ."

"ಅದರಲ್ಲಿ ಒಬ್ಬಳು ನಾನೇ ಕಣೇ."

ತಂಗಿ ಕಿಸಕ್ಕನೆ ನಕ್ಕಳು.

"ಮಿಕ್ಕೋರೆಲ್ಲ ಏನು ಬರೀತಾರೆ?"

"ಈಗ ಎಲ್ಲರೂ ಟೊಮೆಟೊ ವೈರಸ್ ಹಿಂದೆ ಬಿದ್ದಿದ್ದಾರೆ. ತುಕ್ಕು ಯಾರಿಗೆ ಬೇಕು? ನಾವು ಕೊಟ್ಟ ರೋಗ ತಡೆಯೋ ಬೀಜ ಬಿತ್ತಿದ ಮೇಲೆ ಹೊಲದಲ್ಲಿ ಅದು ಕಾಣಿಸ್ತಾನೇ ಇಲ್ಲ."

"ಅಂದ್ರೆ, ನೀನು ಗೆದ್ದಿದ್ದಕ್ಕೇ ನಿನ್ನನ್ನ ಮನೆಗೆ ಕಳಿಸ್ತಾರಾ?"

"ಹೂಂ. ಗಾಜಿನ ಮನೇಲಿ ಹನ್ನೆರಡು ಕುಂಡದಲ್ಲಿ ಮಾತ್ರ ರೋಗ ಉಳಿಸ್ಕೊಂಡಿದೀನಿ. ಅದು ರೂಪ ಬದಲಾಯಿಸಿ ಮತ್ತೆ ಬಂದ್ರೆ, ಹೋಲಿಸಿ ನೋಡೋಕೆ ಹಳೇದು ಬೇಕಲ್ಲ. ಎಲೆ ತಟ್ಟಿದ್ರೆ ಕೆಂಪು ಧೂಳು ಬಿಸಿಲಲ್ಲಿ ತೇಲುತ್ತೆ... ಎಷ್ಟು ಚೆನ್ನಾಗಿರುತ್ತೆ ಗೊತ್ತಾ?"

"ರೋಗಾನ ಮಗು ಥರ ಸಾಕ್ತೀಯಲ್ಲ ಮಹಾರಾಯ್ತಿ! ನಾಳೆ ಅವರಿಗೆ ಏನು ಹೇಳ್ತೀಯ?"

"ಹೊಲದಿಂದ ಒಂದು ಬುಟ್ಟಿ ಎಲೆ ತಂದು ಮೇಜಿನ ಮೇಲೆ ಸುರೀತೀನಿ. ಒಂದೇ ಒಂದು ತುಕ್ಕಿನ ಚುಕ್ಕೆ ಹುಡುಕಿ ಕೊಡಿ ಅಂತೀನಿ."

"ಸಿಕ್ಕಿಬಿಟ್ರೆ?"

"ಸಿಕ್ಕಿದ್ರೆ ನನ್ನ ಕೆಲಸ ಉಳೀತು."

ಕೈಚೀಲದ ಜಿಪ್ ಎಳೆದ ಸದ್ದು ಕೇಳಿಸಿತು.

"ಸಿಗದೇ ಇರಲಿ ಕಣೇ," ಎಂದಳು ಅಕ್ಕ.

ನರ್ಸ್ ಕರೆದರು. ಎರಡು ಮಸುಕು ಆಕೃತಿಗಳು ಕೈ ಕೈ ಹಿಡಿದು ಬಾಗಿಲಿನ ಬೆಳಕಿನೊಳಕ್ಕೆ ಹೋದವು.