ಅಕ್ಕ ಕಲಿಸಿದ ಉಚ್ಚಾರ

ಹೊರದೇಶಗಳಿಂದ ಬಂದ ನರ್ಸ್‌ಗಳಿಗೆ ಇಲ್ಲಿನ ಭಾಷೆಯ ಪರೀಕ್ಷೆ ನಡೆಯುತ್ತಿದ್ದ ಕೋಣೆಯ ಹೊರಗೆ, ನನ್ನೆದುರಿನ ಬೆಂಚಿನಲ್ಲಿ ಅಕ್ಕ ತಂಗಿಯರು ಕೂತಿದ್ದರು. ತಂಗಿ ತನ್ನ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಕಿವಿಗಿಟ್ಟು ಕೇಳಿ, ಮತ್ತೆ ಹೇಳುತ್ತಿದ್ದಳು.

“ಸಾಕು ನಿಲ್ಲಿಸೇ, ತಲೆ ತಿನ್ಬೇಡ,” ಎಂದಳು ಅಕ್ಕ.

“ನನ್ನ ತಪ್ಪು ನಾನೇ ಹುಡುಕ್ತಿದೀನಿ. ನಿನಗೇನು ಕಷ್ಟ?”

“ಹನ್ನೆರಡು ವರ್ಷದಿಂದ ಈ ಭಾಷೆ ಮಾತಾಡ್ತಿದೀನಿ. ಒಂದು ದಿನಾನೂ ಹೀಗೆ ಕೇಳ್ಕೊಂಡಿಲ್ಲ.”

“ಅದಕ್ಕೇ ಎರಡು ಸಲ ಫೇಲಾಗಿರೋದು.”

“ನಾಲಿಗೆ ಬಿಗಿ ಹಿಡಿ. ನಿನಗೆ ಒಂದೊಂದು ಮಾತೂ ಕಲಿಸಿದ್ದು ನಾನು.”

“ನಿನ್ನೆ ವಾರ್ಡಲ್ಲಿ ನಾನು ಇವರ ಭಾಷೇಲಿ ‘ಉಸಿರು ಎಳ್ಕೊಳ್ಳಿ’ ಅಂದ್ರೆ ಆ ಅಜ್ಜಿಗೆ ‘ಸತ್ತುಹೋಗಿ’ ಅಂತ ಕೇಳಿಸ್ತು. ಅತ್ತುಬಿಟ್ರು. ನೀನು ಡಾಕ್ಟರ ಜೊತೆ ನಿಂತು ನಕ್ಕೆ.”

“ನಗು ಬಂತು, ನಕ್ಕೆ. ಏನೀಗ?”

“ಈಗ ಅದೇ ಮಾತು ರೆಕಾರ್ಡ್ ಮಾಡಿದೀನಿ. ಕೇಳು.”

ಅಕ್ಕ ಮೊಬೈಲ್ ಕಿತ್ತುಕೊಂಡು ಕಿವಿಗಿಟ್ಟಳು. ಅವಳ ಮುಖ ಕೆಂಪಾಯಿತು.

“ನನ್ನ ಮಾತನ್ನ ಯಾವಾಗ ಕದ್ದು ರೆಕಾರ್ಡ್ ಮಾಡ್ಕೊಂಡೆ?”

“ಅದು ನಿನ್ನ ದನಿ ಅಲ್ಲ ಅಕ್ಕಾ. ನಂದು.”

ಒಳಗಿನಿಂದ ಅಕ್ಕನನ್ನು ಕರೆದರು. ಅವಳು ಮೊಬೈಲನ್ನು ತಂಗಿಯ ಮಡಿಲಿಗೆ ಎಸೆದು ಎದ್ದಳು. ಬಾಗಿಲು ದಾಟುವವರೆಗೂ ಅವಳ ತುಟಿ ಅಲುಗುತ್ತಿತ್ತು. ಆ ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದಳು.