ಬೆಲ್ಟ್ ಕಟ್ಟಿಕೊಂಡ ಸೋರೆಕಾಯಿ

ಕೂಸು ಹುಟ್ಟುವ ಮುಂಚೆ ಕಾರು ಸೀಟು. ಗಾದೆ ನನ್ನ ಕೈಯಲ್ಲಿ ಕೆಟ್ಟರೂ ಕತೆ ನಿಜ, 2007ರಲ್ಲಿ ಜೆ.ಪಿ. ನಗರದ ಕಾರ್ ಶೋರೂಮಿನಲ್ಲಿ ನಾನೇ ಕೇಳಿದ್ದು. ಏಳು ತಿಂಗಳ ಬಸುರಿಯ ಗಂಡನೊಬ್ಬ, ಹಿಂದಕ್ಕೆ ಮುಖ ಮಾಡಿ ಕೂರಿಸುವ ಮಗುವಿನ ಸೀಟನ್ನು ಸಣ್ಣ ಕಾರಿನ ಹಿಂದಿನ ಸೀಟಿನಲ್ಲಿಟ್ಟು, ಮಗುವಿನ ಬದಲು ಸೋರೆಕಾಯಿ ಮಲಗಿಸಿ, ಬೆಲ್ಟ್ ಕಟ್ಟಿ ಅಳತೆ ನೋಡುತ್ತಿದ್ದ. ಅಷ್ಟರಲ್ಲಿ ಅವನ ಅತ್ತೆಯೂ ಕಾರು ನೋಡಲು ಬಂದುಬಿಟ್ಟರು.

"ನಂದಕುಮಾರ್, ಹುಟ್ಟೋಕ್ ಮುಂಚೆ ಮಗೂಗೆ ಏನೂ ತರ್ಬಾರ್ದು ಅಂದಿರ್ಲಿಲ್ವಾ?"

"ಮಗೂಗಲ್ಲ ಅತ್ತೆ... ಸೋರೆಕಾಯಿ... ಸಾಂಬಾರಿಗೆ."

"ಸಾಂಬಾರಿಗೆ ಬೆಲ್ಟ್ ಯಾಕೆ?"

ಅವನು ನಾಚಿಕೆಯಿಂದ ನೆಲ ನೋಡಿದ. "ತಪ್ಪಾಯ್ತು ಅತ್ತೆ. ಸೀಟು ವಾಪಸ್ ಕೊಟ್ಬಿಡ್ತೀನಿ."

ಮಗುವಿನ ಸೀಟಿಗೆ ಜಾಗ ಬಿಡಲು ಮುಂದಕ್ಕೆ ಸರಿಸಿದ್ದ ಮುಂದಿನ ಸೀಟಿನಲ್ಲಿ ಅತ್ತೆ ಗಂಟುಮುಖದಲ್ಲೇ ಕೂತರು.

"ನಂಗೆ ಮಂಡಿ ತಾಗುತ್ತೆ. ದೊಡ್ಡ ಕಾರ್ ತೋರ್ಸೋಕ್ ಹೇಳಿ. ಸೋರೆಕಾಯಿ ಬೆಳೆಯುತ್ತಲ್ಲಾ?"

ಶೋರೂಮೇ ನಕ್ಕಿತು. ಸೋರೆಕಾಯಿ ಎತ್ತಿಕೊಂಡು ಅತ್ತೆಯ ಹಿಂದೆ ಹೊರಟ ಅಳಿಯನ ನಗುವೇ ಎಲ್ಲರಿಗಿಂತ ಜೋರು.